ಹೊಳೆಯ ಲೆಕ್ಕ ಕಡಲಿಗಲ್ಲ

ಡಿಸೆಂಬರ್ ಬಂತೆಂದರೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ಶಾಲಾ ಪ್ರವಾಸದ ಬಸ್ಸುಗಳು ಶಿರಸಿ ದಾಟಿ ಘಟ್ಟ ಇಳಿಯುತ್ತವೆ. ಗೋಕರ್ಣ, ಮುರುಡೇಶ್ವರ, ನಡುವೆ ಸಮುದ್ರ. ಮೆಣಸಿನಕಾಯಿ ಮಾರಿ ನಾಲ್ಕು ಕಾಸು ಕಂಡ ಮನೆಯವರೂ ಟೆಂಪೊ ಮಾಡಿಕೊಂಡು ಅದೇ ದಾರಿ ಹಿಡಿಯುತ್ತಾರೆ. ಆದರೆ ನಾವು ನೀರಿನ ಗುಣ ಕಲಿತದ್ದು ವರದೆಯಲ್ಲಿ, ತುಂಗಭದ್ರೆಯಲ್ಲಿ, ಊರ ಕೆರೆಯಲ್ಲಿ. ಅದೇ ಪಾಠವನ್ನು ಕಡಲಿಗೂ ಹಚ್ಚುತ್ತೇವೆ. ತೆರೆಗಳ ಬಗ್ಗೆ ನಮ್ಮ ತಪ್ಪು ಕಲ್ಪನೆಗಳು ಬಹುಪಾಲು ಹುಟ್ಟುವುದು ಅಲ್ಲಿಂದಲೇ.

1. ನಂಬಿಕೆ: "ನಮ್ಮೂರ ಮಳಿನೀರು ಕಾರವಾರದ ಸಮುದ್ರಕ್ಕ ಹೋಗ್ತೈತಿ."

ಸತ್ಯ: ಹಾವೇರಿಯಿಂದ ಅರಬ್ಬಿ ಸಮುದ್ರ ನೇರ ಗೆರೆಯಲ್ಲಿ ಸುಮಾರು 110 ಕಿ.ಮೀ. ಆದರೂ ನಮ್ಮ ನೀರು ಅತ್ತ ಮುಖ ಹಾಕುವುದಿಲ್ಲ. ಸಾಗರ ತಾಲ್ಲೂಕಿನ ವರದಾಮೂಲದಲ್ಲಿ ಹುಟ್ಟಿದ ವರದಾ ನದಿ ಗಳಗನಾಥದ ಬಳಿ ತುಂಗಭದ್ರೆಯನ್ನು ಕೂಡುತ್ತದೆ. ತುಂಗಭದ್ರೆ ಕೃಷ್ಣೆಗೆ ಸೇರಿ, ಕೃಷ್ಣೆ ಆಂಧ್ರದ ಹಂಸಲದೀವಿ ಬಳಿ ಬಂಗಾಳ ಕೊಲ್ಲಿ ಸೇರುತ್ತದೆ. ಹತ್ತಿರದ ಕಡಲು ಬಿಟ್ಟು ದೂರದ ಕಡಲಿಗೆ ಹೋಗುವ ನೀರು ನಮ್ಮದು.

2. ನಂಬಿಕೆ: "ತೆರಿ ಅಂದ್ರ ದೂರದಿಂದ ಹರಕೊಂಡು ಬರೋ ನೀರು."

ಸತ್ಯ: ಹೊಳೆಯಲ್ಲಿ ನೀರು ಹರಿಯುತ್ತದೆ. ನಡುಗಡಲಲ್ಲಿ ಮುಂದೆ ಸಾಗುವುದು ತೆರೆ, ನೀರಲ್ಲ. ಗೋವಿನಜೋಳದ ಹೊಲದ ಮೇಲೆ ಗಾಳಿ ಬೀಸಿದಾಗ ಈ ಬದುವಿನಿಂದ ಆ ಬದುವಿಗೆ ಅಲೆ ಓಡುತ್ತದೆ. ದಂಟು ಬಾಗಿ ಎದ್ದು ನಿಂತಲ್ಲೇ ಇರುತ್ತದೆ. ಕಡಲ ನೀರೂ ತೆರೆ ಬಂದಾಗ ಮೇಲೆದ್ದು, ತುಸು ಮುಂದೆ ಸರಿದು, ಕೆಳಗಿಳಿದು, ಹೆಚ್ಚೂಕಡಿಮೆ ಮೊದಲಿನ ಜಾಗಕ್ಕೇ ಬರುತ್ತದೆ. ಎರಡು ತೆರೆಗಳ ನೆತ್ತಿಗಳ ನಡುವೆ 100 ಮೀಟರ್ ಅಂತರವಿದ್ದರೆ, 50 ಮೀಟರ್ ಆಳದಲ್ಲಿ ಆ ಅಲುಗಾಟವೂ ಬಹುಮಟ್ಟಿಗೆ ನಿಂತಿರುತ್ತದೆ.

ದಡದ ಹತ್ತಿರ ಲೆಕ್ಕ ಬದಲಾಗುತ್ತದೆ. ನೀರಿನ ಆಳ ತೆರೆಯ ಎತ್ತರದ ಸುಮಾರು 1.3 ಪಟ್ಟಿಗೆ ಇಳಿದಾಗ ತೆರೆ ತಲೆಕೆಳಗಾಗಿ ಒಡೆಯುತ್ತದೆ. ಆಗ ನೊರೆಯ ಜೊತೆ ನೀರು ನಿಜಕ್ಕೂ ಮುಂದೆ ನುಗ್ಗುತ್ತದೆ. ನುಗ್ಗಿದ ನೀರು ವಾಪಸ್ ಹೋಗಲೇಬೇಕು. ಅಪಾಯ ಇರುವುದು ಆ ವಾಪಸ್ ದಾರಿಯಲ್ಲಿ.

3. ನಂಬಿಕೆ: "ಗಾಳಿ ಇಲ್ಲಂದ್ರ ದೊಡ್ಡ ತೆರಿ ಬರಂಗಿಲ್ಲ."

ಸತ್ಯ: ತೆರೆ ಹುಟ್ಟಿಸುವುದು ಗಾಳಿಯೇ. ಆದರೆ ಅದು ನಿಮ್ಮ ಮುಖಕ್ಕೆ ಬಡಿಯುವ ಗಾಳಿಯೇ ಆಗಬೇಕೆಂದಿಲ್ಲ. ಗಾಳಿಯ ವೇಗ, ಅದು ಬೀಸಿದ ಹೊತ್ತು, ಬೀಸಿದ ನೀರಿನ ಉದ್ದಗಲ, ಈ ಮೂರರ ಮೇಲೆ ತೆರೆಯ ಗಾತ್ರ ನಿಂತಿದೆ. ಹಿಂದೂ ಮಹಾಸಾಗರದ ದಕ್ಷಿಣ ತುದಿಯಲ್ಲಿ ಎದ್ದ ಬಿರುಗಾಳಿಯ ತೆರೆಗಳು ಸಾವಿರಾರು ಕಿ.ಮೀ. ಸಾಗಿ, ಕೆಲವು ದಿನಗಳ ಬಳಿಕ ನಮ್ಮ ಪಶ್ಚಿಮ ಕರಾವಳಿಗೆ ಬಂದು ಬಡಿಯುತ್ತವೆ. ಆಕಾಶ ತಿಳಿಯಾಗಿರುವಾಗಲೇ ನೀರು ಏರಿ ಬರುವ ಈ ಬಗೆಯನ್ನು ಕೇರಳದ ಮೀನುಗಾರರು 'ಕಳ್ಳಕ್ಕಡಲ್' ಎನ್ನುತ್ತಾರೆ. ಹೈದರಾಬಾದಿನ ಇನ್ಕಾಯ್ಸ್ ಸಂಸ್ಥೆ ಇದಕ್ಕೆಂದೇ ಮುನ್ನೆಚ್ಚರಿಕೆ ಕೊಡುತ್ತದೆ. ಹೊರಡುವ ಮುಂಚೆ ಮಳೆಯ ವರದಿ ನೋಡುವವರು ಅದನ್ನೂ ನೋಡುವುದು ಒಳ್ಳೆಯದು.

4. ನಂಬಿಕೆ: "ಹುಣ್ಣಿವಿ, ಅಮಾಸಿಗೆ ತೆರಿ ಎತ್ತರ ಆಗ್ತಾವ."

ಸತ್ಯ: ಚಂದ್ರ, ಸೂರ್ಯರ ಸೆಳೆತದಿಂದ ಏರಿಳಿಯುವುದು ಕಡಲಿನ ಮಟ್ಟ. ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಈ ಏರಿಳಿತ ಹೆಚ್ಚು. ತೆರೆಯ ಎತ್ತರ ಗಾಳಿಯ ಕೆಲಸ. ಹಾಗೆಂದು ನಂಬಿಕೆಯಲ್ಲಿ ಹುರುಳೇ ಇಲ್ಲ ಎನ್ನುವಂತಿಲ್ಲ. ಮಟ್ಟ ಏರಿದಾಗ ಅಷ್ಟೇ ಎತ್ತರದ ತೆರೆ ದಡದ ಮೇಲೆ ಇನ್ನೂ ಒಳಕ್ಕೆ ಬರುತ್ತದೆ. ನೋಡುವವರಿಗೆ ತೆರೆಯೇ ದೊಡ್ಡದಾದಂತೆ ಕಾಣುತ್ತದೆ.

5. ನಂಬಿಕೆ: "ಸುನಾಮಿ ಅಂದ್ರ ಒಂದ ದೊಡ್ಡ ತೆರಿ, ಅರಬ್ಬಿ ಸಮುದ್ರದಾಗ ಬರಂಗಿಲ್ಲ."

ಸತ್ಯ: ಸುನಾಮಿ ಗಾಳಿಯಿಂದ ಏಳುವುದಲ್ಲ. ಹೆಚ್ಚಾಗಿ ಕಡಲತಳದ ಭೂಕಂಪ ಅದಕ್ಕೆ ಕಾರಣ. ಒಂದರ ಹಿಂದೆ ಒಂದು ತೆರೆ ಗಂಟೆಗಟ್ಟಲೆ ಬರಬಹುದು, ಮೊದಲನೆಯದೇ ದೊಡ್ಡದಿರಬೇಕೆಂದಿಲ್ಲ. 2004ರ ಡಿಸೆಂಬರ್ 26ರ ಸುನಾಮಿ ನಮಗೆ ನೆನಪಿದೆ. ಆದರೆ 1945ರ ನವೆಂಬರ್ 28ರಂದು ಮಕ್ರಾನ್ ಕರಾವಳಿಯ ಭೂಕಂಪದಿಂದ ಅರಬ್ಬಿ ಸಮುದ್ರದಲ್ಲೇ ಸುನಾಮಿ ಎದ್ದು ಮುಂಬೈವರೆಗೂ ಮುಟ್ಟಿತ್ತು. ಕಡಲು ಇದ್ದಕ್ಕಿದ್ದಂತೆ ದೂರ ಹಿಂದೆ ಸರಿದರೆ ಚಿಪ್ಪು ಆಯಲು ಓಡಬಾರದು, ಎತ್ತರದ ಜಾಗಕ್ಕೆ ಓಡಬೇಕು.

6. ನಂಬಿಕೆ: "ಮೊಣಕಾಲ ಮಟ ನೀರಿನ್ಯಾಗ ಏನಾಗಂಗಿಲ್ಲ."

ಸತ್ಯ: ತೆರೆ ಹಿಂದೆ ಸರಿಯುವಾಗ ಕಾಲಡಿಯನ್ನು ಗಮನಿಸಿ. ಹಿಮ್ಮಡಿಯ ಸುತ್ತಲಿನ ಉಸುಕು ಮೊದಲು ಜಾರುತ್ತದೆ, ಪಾದ ಓರೆಯಾಗುತ್ತದೆ, ಮೈಯ ಭಾರ ಹಿಂದಕ್ಕೆ ವಾಲುತ್ತದೆ. ಸರಿಯಾಗಿ ಆಗಲೇ ಮುಂದಿನ ತೆರೆ ಎದೆಗೆ ಬಡಿದರೆ ದೊಡ್ಡವರೂ ಬೀಳುತ್ತಾರೆ. ಬಿದ್ದಲ್ಲಿ ಮೊಣಕಾಲುದ್ದದ ನೀರು ತಲೆ ಮುಳುಗುವಷ್ಟು ಆಳ.

"ಏಳನೇ ತೆರಿ ದೊಡ್ಡದು" ಎಂದು ಎಣಿಸುವವರೂ ಇದ್ದಾರೆ. ತೆರೆಗಳು ಗುಂಪು ಗುಂಪಾಗಿ ಬರುವುದು ನಿಜ: ಸಣ್ಣವು ಕೆಲವು, ಆಮೇಲೆ ದೊಡ್ಡವು ಕೆಲವು. ಆದರೆ ಆ ಗುಂಪಿಗೆ ಗೊತ್ತಾದ ಸಂಖ್ಯೆ ಇಲ್ಲ. ಹತ್ತು ನಿಮಿಷ ದಡದಲ್ಲೇ ನಿಂತು ನೋಡಿದರೆ ಆ ದಿನದ ದೊಡ್ಡ ತೆರೆ ಎಷ್ಟು ದೊಡ್ಡದೆಂಬ ಅಂದಾಜು ಸಿಗುತ್ತದೆ.

7. ನಂಬಿಕೆ: "ತೆರಿ ಇಲ್ಲದ ಜಾಗ ಮಕ್ಕಳಿಗೆ ಚಲೋ. ಹೊಳ್ಯಾಗ ಈಜಿದವ್ರಿಗಂತೂ ಸಮುದ್ರ ದೊಡ್ಡ ಮಾತಲ್ಲ."

ಸತ್ಯ: ಜೀವ ತೆಗೆಯುವ ನಂಬಿಕೆ ಇದೇ. ಎರಡೂ ಬದಿ ತೆರೆ ಒಡೆದು ನೊರೆ ಬರುತ್ತಿದ್ದು, ನಡುವೆ ಒಂದು ಪಟ್ಟಿ ಮಾತ್ರ ಸುಮ್ಮನಿದ್ದರೆ, ಒಳನುಗ್ಗಿದ ನೀರು ಕಡಲಿಗೆ ಹಿಂದಿರುಗುವ ದಾರಿ ಅದೇ ಇರಬಹುದು. ಅಲ್ಲಿ ಆಳ ಹೆಚ್ಚು, ಬಣ್ಣ ಕಪ್ಪಗೆ, ಒಮ್ಮೊಮ್ಮೆ ನೊರೆ, ಕಸ ಹೊರಮುಖವಾಗಿ ತೇಲುತ್ತಿರುತ್ತದೆ. ಇದರ ಸೆಳವು ಕೆಲವೊಮ್ಮೆ ಸೆಕೆಂಡಿಗೆ ಎರಡು ಮೀಟರ್ ಮುಟ್ಟುತ್ತದೆ; ಪಳಗಿದ ಈಜುಗಾರನೂ ಅದರ ಎದುರು ಈಜಲಾರ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಸಮುದ್ರದಲ್ಲಿ ಮುಳುಗಿ ತೀರಿಕೊಂಡರು. ಬಯಲುಸೀಮೆಯ ಪ್ರತಿ ಶಾಲೆಗೂ ಅದು ಎಚ್ಚರಿಕೆ.

ಈ ಸೆಳವು ಕೆಳಗೆ ಎಳೆಯುವುದಿಲ್ಲ, ಹೊರಗೆ ಒಯ್ಯುತ್ತದೆ. ತೆರೆ ಒಡೆಯುವ ಗೆರೆ ದಾಟಿದ ಮೇಲೆ ಸಾಮಾನ್ಯವಾಗಿ ಬಲ ಕಳೆದುಕೊಳ್ಳುತ್ತದೆ. ಜನ ಮುಳುಗುವುದು ಹೆಚ್ಚಾಗಿ ಗಾಬರಿಯಲ್ಲಿ ನೇರ ದಡದ ಕಡೆಗೇ ಈಜಿ, ಕೈಕಾಲು ಸೋತು. ಸಿಕ್ಕಿಬಿದ್ದರೆ ಮೊದಲು ತೇಲಬೇಕು, ಕೈ ಎತ್ತಿ ಕೂಗಬೇಕು.

ಹೊಳೆಯ ಒಂದು ಪಾಠ ಮಾತ್ರ ಇಲ್ಲಿಯೂ ನಡೆಯುತ್ತದೆ: ಸೆಳವಿನ ಎದುರು ಈಜಬೇಡ, ಅಡ್ಡ ಹಾಯ್ದು ಹೊರಗೆ ಬಾ. ದಿಕ್ಕಷ್ಟೇ ಬೇರೆ. ತುಂಗಭದ್ರೆಯಲ್ಲಿ ಅಡ್ಡ ಹಾಯ್ದರೆ ದಡವೇ ಸಿಗುತ್ತದೆ. ಕಡಲಲ್ಲಿ ಅಡ್ಡ ಹಾಯುವುದೆಂದರೆ ದಡದ ಉದ್ದಕ್ಕೆ ಈಜುವುದು. ಸೆಳವಿನ ಪಟ್ಟಿ ದಾಟಿದ ಮೇಲೆ, ತೆರೆ ಒಡೆಯುವ ಕಡೆಯಿಂದ ದಡಕ್ಕೆ ತಿರುಗುವುದು. ದಡದಲ್ಲಿದ್ದವರು ಹಿಂದೆ ಜಿಗಿಯಬಾರದು. ಹಗ್ಗ, ಟ್ಯೂಬು, ಖಾಲಿ ಕ್ಯಾನು, ತೇಲುವ ಏನನ್ನಾದರೂ ಎಸೆದು ಜೀವರಕ್ಷಕರನ್ನು ಕರೆಯಬೇಕು, 112ಕ್ಕೆ ಫೋನ್ ಮಾಡಬೇಕು.

ಇದನ್ನೆಲ್ಲ ಮಕ್ಕಳಿಗೆ ಹೇಳಬೇಕಾದದ್ದು ಬಸ್ಸು ಹೊರಡುವ ಮುಂಚೆ, ಶಾಲೆಯ ಅಂಗಳದಲ್ಲೇ. ಸಮುದ್ರ ಕಂಡ ಮೇಲೆ ಮೇಷ್ಟ್ರ ಮಾತು ಯಾರ ಕಿವಿಗೂ ಬೀಳುವುದಿಲ್ಲ.