ಹೊಸ ಕೆಲಸದಲ್ಲಿ ಪೆಟ್ಟಾದರೆ ಸಂಬಳ ಯಾರು ಕೊಡುತ್ತಾರೆ?



ಕೆಲಸಕ್ಕೆ ಸೇರಿ ಹನ್ನೆರಡು ದಿನ ಆಗಿದೆ ಎಂದುಕೊಳ್ಳಿ. ಮೊದಲ ಸಂಬಳ ಇನ್ನೂ ಕೈಸೇರಿಲ್ಲ. ಅಷ್ಟರಲ್ಲಿ ಪ್ರೆಸ್ಸಿನ ಕೆಳಗೆ ಬೆರಳು ಸಿಕ್ಕಿತು. ಮೂರು ವಾರ ಆ ಕೈಯಿಂದ ಏನೂ ಮಾಡಬೇಡಿ ಎಂದು ಡಾಕ್ಟರು ಹೇಳಿದರು. ಸೂಪರ್‌ವೈಸರ್ ಮಾತ್ರ, "ನಿನ್ನೆ ಮೊನ್ನೆ ಬಂದವನಿಗೆ ರಜೆ ಎಲ್ಲಿಂದ ಬರುತ್ತೆ? ವಾಸಿಯಾದ ಮೇಲೆ ಬಾ, ನೋಡೋಣ" ಎಂದ. ನೀವು ಏನು ಮಾಡುತ್ತೀರಿ? ಬಹಳಷ್ಟು ಜನ ತಲೆ ತಗ್ಗಿಸಿಕೊಂಡು ಮನೆಗೆ ಬರುತ್ತಾರೆ. ಹೊಸಬನಿಗೆ ರಜೆಯಿಲ್ಲ ಎನ್ನುವುದು ನ್ಯಾಯದ ಮಾತೇ ಎಂದು ಅವರಿಗೂ ಅನಿಸಿಬಿಡುತ್ತದೆ.

ಕಾಯಿಲೆಯ ವಿಷಯದಲ್ಲಿ ಆ ಮಾತು ಹೆಚ್ಚುಕಡಿಮೆ ಸರಿ. ಪೆಟ್ಟಿನ ವಿಷಯದಲ್ಲಿ ಪೂರಾ ತಪ್ಪು. ಈ ಒಂದು ವ್ಯತ್ಯಾಸ ಗೊತ್ತಿಲ್ಲದೆ ಸಾವಿರಾರು ರೂಪಾಯಿ ಕಳೆದುಕೊಳ್ಳುವವರು ನಮ್ಮ ನಡುವೆಯೇ ಇರುತ್ತಾರೆ, ಅದಕ್ಕೇ ಈ ಲೇಖನ.

ನಾಚಾರಂ ಎಂದರೆ ನಿಮ್ಮಲ್ಲಿ ಕೆಲವರಿಗೆ ರಾಮಕೃಷ್ಣ ಸ್ಟುಡಿಯೊ ನೆನಪಾಗಬಹುದು. ಹಬ್ಸಿಗುಡದಿಂದ ಮಲ್ಲಾಪುರದ ಕಡೆಗೆ ಹೋಗುವ ರಸ್ತೆಯ ಆಚೀಚೆ ಇರುವ ಕೈಗಾರಿಕಾ ಪ್ರದೇಶ ನೆನಪಾಗುವುದು ಕಡಿಮೆ. ದೊಡ್ಡ ಕಾರ್ಖಾನೆಗಳ ಪಕ್ಕದಲ್ಲೇ ಸಣ್ಣ ಸಣ್ಣ ಶೆಡ್ಡುಗಳು, ಗೋದಾಮುಗಳು. ಅಲ್ಲಿಯೇ ಇ.ಎಸ್.ಐ. ಆಸ್ಪತ್ರೆಯೂ ಇದೆ. ಬೀದರ್, ಕಲಬುರಗಿ, ರಾಯಚೂರು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಆ ಕಡೆಯವರು ಕೆಲಸ ಹುಡುಕಿಕೊಂಡು ಈ ಊರಿಗೆ ಬರುವುದು ಹೊಸದೇನಲ್ಲ. ನಿಮ್ಮ ಅಜ್ಜನೋ ಅಪ್ಪನೋ ಹಾಗೆ ಬಂದವರೇ ಇರಬಹುದು. ಇವತ್ತು ಬರುವ ಹುಡುಗ ನಿಮ್ಮ ದೂರದ ನೆಂಟನೇ ಆಗಿರಬಹುದು.

ಇ.ಎಸ್.ಐ. ಎಂದರೆ ಕಾರ್ಮಿಕರ ರಾಜ್ಯ ವಿಮೆ. ಪ್ರೊಫೆಸರ್ ಬಿ.ಪಿ. ಅಡಾರ್ಕರ್ 1944ರಲ್ಲಿ ಕೊಟ್ಟ ವರದಿಯಿಂದ ಹುಟ್ಟಿದ್ದು. 1948ರಲ್ಲಿ ಕಾಯ್ದೆಯಾಯಿತು. 1952ರ ಫೆಬ್ರವರಿ 24ರಂದು ಕಾನ್ಪುರದಲ್ಲಿ ಪ್ರಧಾನಿ ನೆಹರೂ ಯೋಜನೆಯನ್ನು ಉದ್ಘಾಟಿಸಿದರು. ಈಗ ಆ ಕಾಯ್ದೆಯ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ, 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಆದರೆ ಯೋಜನೆ ಅದೇ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ, ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಇದು ಅನ್ವಯಿಸುತ್ತದೆ. 2019ರ ಜುಲೈಯಿಂದ ಸಂಬಳದ ನೂರಕ್ಕೆ 0.75 ಭಾಗ ನಿಮ್ಮಿಂದ, 3.25 ಭಾಗ ಮಾಲೀಕರಿಂದ ಹೋಗುತ್ತದೆ. ಹದಿನೈದು ಸಾವಿರ ಸಂಬಳವಿದ್ದರೆ ನಿಮ್ಮ ಪಾಲು 113 ರೂಪಾಯಿ. ಸಂಬಳದ ಚೀಟಿಯಲ್ಲಿ ಅದು ಕಡಿತವಾಗಿದೆಯೋ ಇಲ್ಲವೋ ನೋಡಿಕೊಳ್ಳುವುದು ಒಳ್ಳೆಯ ಅಭ್ಯಾಸ.

ಈಗ ಆ ವ್ಯತ್ಯಾಸಕ್ಕೆ ಬರೋಣ. ಜ್ವರ ಬಂದು ಮಲಗಿದರೆ ಇ.ಎಸ್.ಐ. ಕೊಡುವುದು ಸರಾಸರಿ ದಿನಗೂಲಿಯ ನೂರಕ್ಕೆ 70. ಅದಕ್ಕೆ ಸಾಮಾನ್ಯವಾಗಿ ಆರು ತಿಂಗಳ ಅವಧಿಯೊಂದರಲ್ಲಿ 78 ದಿನಗಳ ವಂತಿಗೆ ಕಟ್ಟಿರಬೇಕು. ಮೊದಲ ಬಾರಿ ಕೆಲಸಕ್ಕೆ ಸೇರಿದವರಿಗೆ ಆ ಹಣ ಸಿಗುವ ಕಾಲ ಶುರುವಾಗುವುದೇ ಒಂಬತ್ತು ತಿಂಗಳ ನಂತರ. ಕೆಲಸದಲ್ಲಿ ಆದ ಪೆಟ್ಟಿಗೆ ಈ ಲೆಕ್ಕ ಯಾವುದೂ ಇಲ್ಲ. ವಿಮೆಗೆ ಒಳಪಟ್ಟ ಕೆಲಸಕ್ಕೆ ಕಾಲಿಟ್ಟ ಮೊದಲ ದಿನವೇ ಪೆಟ್ಟಾದರೂ ಹಕ್ಕು ಇದೆ. ಕೊಡುವುದು ದಿನಗೂಲಿಯ ನೂರಕ್ಕೆ 90. ಪೆಟ್ಟಾದ ದಿನ ಬಿಟ್ಟು ಕನಿಷ್ಠ ಮೂರು ದಿನ ದುಡಿಯಲು ಆಗದಿದ್ದರೆ ಸಾಕು, ವಾಸಿಯಾಗುವವರೆಗೂ ಸಿಗುತ್ತದೆ.

ಲೆಕ್ಕ ಹಾಕಿ ನೋಡಿ. ದಿನಕ್ಕೆ ಸರಾಸರಿ 500 ರೂಪಾಯಿ ಕೂಲಿ, ಇಪ್ಪತ್ತು ದಿನ ಮನೆಯಲ್ಲಿ. ಕೆಲಸದ ಪೆಟ್ಟು ಎಂದು ದಾಖಲಾದರೆ 9,000 ರೂಪಾಯಿ. ಬರೀ ಕಾಯಿಲೆ ಎಂದು ದಾಖಲಾದರೆ ಹನ್ನೆರಡು ದಿನದ ಹೊಸಬನಿಗೆ ಸೊನ್ನೆ. ಅಷ್ಟಕ್ಕೂ ಕಾರಣ ಚೀಟಿಯ ಮೇಲಿನ ಒಂದು ಸಾಲು!

ಆ ಸಾಲು ತಪ್ಪುವುದು ಹೇಗೆ? ಗಾಯವಾದವನನ್ನು ಹತ್ತಿರದ ಖಾಸಗಿ ಕ್ಲಿನಿಕ್ಕಿಗೆ ಕರೆದೊಯ್ದು ಹೊಲಿಗೆ ಹಾಕಿಸಿ, ಜೇಬಿಗೆ ಐನೂರು ರೂಪಾಯಿ ತುರುಕಿ, "ಯಾರಾದರೂ ಕೇಳಿದರೆ ಮನೆಯಲ್ಲಿ ಬಿದ್ದೆ ಅಂತ ಹೇಳು" ಎನ್ನುವುದು ಒಂದು ದಾರಿ. ಅದರಲ್ಲಿ ದಯೆಯೂ ಕಾಣುತ್ತದೆ, ಅದೇ ತೊಂದರೆ. ಇನ್ನೊಂದು ದಾರಿಯಲ್ಲಿ ಯಾರ ದುರುದ್ದೇಶವೂ ಇಲ್ಲ. ಡಾಕ್ಟರು ತೆಲುಗಿನಲ್ಲಿ ಕೇಳುತ್ತಾರೆ, ಯಾದಗಿರಿಯಿಂದ ತಿಂಗಳ ಹಿಂದೆ ಬಂದ ಹುಡುಗ ಅರ್ಧ ತಿಳಿದು ಅರ್ಧ ತಿಳಿಯದೆ "ಬಿದ್ದೆ" ಎಂದಷ್ಟೇ ಹೇಳುತ್ತಾನೆ. ಎಲ್ಲಿ ಬಿದ್ದ, ಯಾವ ಯಂತ್ರದ ಹತ್ತಿರ, ಎಷ್ಟು ಗಂಟೆಗೆ, ಯಾವುದೂ ಕಾಗದಕ್ಕೆ ಇಳಿಯುವುದಿಲ್ಲ.

ಇಲ್ಲಿ ನೀವು ಬೇಕು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಗೆಳೆಯರ ಜೊತೆ ಹಿಂದಿ ಮಾತನಾಡುತ್ತಾ ಬೆಳೆದವರು ನೀವು. "ನಮ್ಮ ಕನ್ನಡ ಅಷ್ಟಕ್ಕಷ್ಟೇ" ಎಂದು ನಾಚಿಕೊಳ್ಳುವವರನ್ನು ನೋಡಿದ್ದೇನೆ. ಆಸ್ಪತ್ರೆಯ ಕಿಟಕಿಯ ಮುಂದೆ ಆ ಅಷ್ಟಕ್ಕಷ್ಟೇ ಕನ್ನಡವೇ ಧಾರಾಳ. ಆ ಹುಡುಗ "ಕೆಲಸದಾಗ ಪೆಟ್ಟಾತ್ರೀ" ಎಂದರೆ ನೀವು "ಪನಿಲೋ ದೆಬ್ಬ ತಗಿಲಿಂದಿ" ಎಂದು ಹೇಳಿ, ಅದನ್ನೇ ಬರೆಯುವಂತೆ ಕೇಳಿಕೊಳ್ಳಬೇಕು. ಬರೆದದ್ದನ್ನು ಓದಿಯೂ ನೋಡಬೇಕು.

ಕಾರ್ಖಾನೆಯಲ್ಲಿ ಅಪಘಾತದ ಪುಸ್ತಕ ಎಂದು ಒಂದು ಇರಬೇಕು. ಅದರಲ್ಲಿ ಅಂದೇ ನಮೂದಾಗಲಿ. ಪೆಟ್ಟಾದ ಸುದ್ದಿಯನ್ನು ಬರಹದಲ್ಲಾಗಲೀ ಬಾಯಿಮಾತಿನಲ್ಲಾಗಲೀ, ತಾನೇ ಆಗಲೀ ಬೇರೊಬ್ಬರ ಮೂಲಕವಾಗಲೀ ತಿಳಿಸಬಹುದು. ಬರಹದಲ್ಲಿ ಕೊಟ್ಟು ಒಂದು ಪ್ರತಿ ಇಟ್ಟುಕೊಳ್ಳುವುದೇ ಮೇಲು. ಮಾಲೀಕರು ಇ.ಎಸ್.ಐ.ಗೆ ಅಪಘಾತದ ವರದಿ ಕಳಿಸಬೇಕು. ರಜೆಯ ಸರ್ಟಿಫಿಕೇಟು ಇ.ಎಸ್.ಐ. ಡಾಕ್ಟರರದೇ ಆಗಿರಲಿ. ಅದರ ಮೇಲೆ ಶಾಖಾ ಕಚೇರಿ ಹಣವನ್ನು ಬ್ಯಾಂಕ್ ಖಾತೆಗೆ ಹಾಕುತ್ತದೆ. ಅಲೆದಾಟ ಇರುತ್ತದೆ, ಇಲ್ಲವೆಂದು ಹೇಳಲಾರೆ.

"ನಿನ್ನ ಹೆಸರೇ ಇನ್ನೂ ನೋಂದಣಿ ಆಗಿಲ್ಲ" ಎಂಬ ಮಾತೂ ಬರಬಹುದು. ನೋಂದಣಿ ಮಾಡಿಸುವುದು ಮಾಲೀಕರ ಕರ್ತವ್ಯ. ಅವರು ವಂತಿಗೆ ಕಟ್ಟದಿದ್ದರೆ ಇ.ಎಸ್.ಐ. ಕಾರ್ಮಿಕನಿಗೆ ಹಣ ಕೊಟ್ಟು ಅವರಿಂದ ವಸೂಲು ಮಾಡಲು 1948ರ ಕಾಯ್ದೆಯೇ ದಾರಿ ಮಾಡಿಕೊಟ್ಟಿತ್ತು. ಗುತ್ತಿಗೆದಾರನ ಕೈಕೆಳಗಿನ ಕೆಲಸವಾದರೂ ವಿಮೆ ಇದೆ. ಪೆಟ್ಟಿನ ಹಣ ಪಡೆಯುತ್ತಿರುವ ಅವಧಿಯಲ್ಲಿ ಕೆಲಸದಿಂದ ತೆಗೆಯುವುದನ್ನೂ ಅದೇ ಕಾಯ್ದೆಯ 73ನೇ ಕಲಂ ನಿಷೇಧಿಸಿತ್ತು. ಕೆಲಸಕ್ಕೆ ಹೋಗುವ ಬರುವ ದಾರಿಯಲ್ಲಿ ಆದ ಅಪಘಾತ, ಕೆಲಸಕ್ಕೂ ಅದಕ್ಕೂ ಸಂಬಂಧ ತೋರಿಸಬಹುದಾದರೆ, 2010ರಿಂದ ಕೆಲಸದ ಪೆಟ್ಟೇ. ಉಪ್ಪಲ್ ಕಡೆಯಿಂದ ಬೈಕಿನಲ್ಲಿ ಬರುವವರು ಇದನ್ನು ನೆನಪಿಡಿ.

ಬೆರಳೇ ಹೋಗಿಬಿಟ್ಟರೆ? ವೈದ್ಯಕೀಯ ಮಂಡಳಿ ಪರೀಕ್ಷಿಸಿ, ದುಡಿಯುವ ಶಕ್ತಿ ಎಷ್ಟು ಕುಗ್ಗಿತೆಂದು ನಿರ್ಧರಿಸುತ್ತದೆ. ಪೂರ್ತಿ ತೋರುಬೆರಳಿಗೆ 1948ರ ಕಾಯ್ದೆಯ ಪಟ್ಟಿಯಲ್ಲಿದ್ದದ್ದು ನೂರಕ್ಕೆ 14. ಆ ಪ್ರಮಾಣದ ಹಣ ಜೀವನಪೂರ್ತಿ ಬರುತ್ತದೆ, ಮತ್ತೆ ಕೆಲಸಕ್ಕೆ ಸೇರಿದರೂ ನಿಲ್ಲುವುದಿಲ್ಲ. ಮನೆಯಲ್ಲಿ ಬಿದ್ದೆ ಎಂದು ಬರೆಸಿದವನಿಗೆ ಇದೂ ಇಲ್ಲ.

ಹತ್ತು ಜನರಿಲ್ಲದ ಶೆಡ್ಡಿನಲ್ಲಿ ದುಡಿಯುವವರಿಗೆ ಸಾಮಾನ್ಯವಾಗಿ ಇ.ಎಸ್.ಐ. ಇಲ್ಲ. ಅವರಿಗೆ ಮಾಲೀಕರೇ ಪರಿಹಾರ ಕೊಡಬೇಕೆಂಬ ಕಾನೂನು 1923ರಿಂದಲೂ ಇದೆ, ಈಗ ಅದೂ ಹೊಸ ಸಂಹಿತೆಯೊಳಗೆ ಸೇರಿದೆ. ಆ ಲೆಕ್ಕದಲ್ಲಿ ಸಿಗುವುದು ಸುಮಾರು ಅರ್ಧ ಸಂಬಳ. ಅಮೆರಿಕದಲ್ಲಿರುವ ನಿಮ್ಮ ಅಣ್ಣ ಅಕ್ಕಂದಿರನ್ನು ಕೇಳಿ ನೋಡಿ. ಅಲ್ಲಿ ಬಹಳಷ್ಟು ರಾಜ್ಯಗಳಲ್ಲಿ ಮೂರರಲ್ಲಿ ಎರಡು ಪಾಲು ಸಂಬಳ. ನಮ್ಮ ನೂರಕ್ಕೆ 90 ಅದಕ್ಕಿಂತ ಜಾಸ್ತಿಯೇ.

ಇನ್ನು 21,000 ದಾಟಿದ ಸಂಬಳದವರು ಕಂಪನಿಯ ವಿಮೆಯಲ್ಲಿ ಕೆಲಸದ ಪೆಟ್ಟಿಗೆ ಏನಿದೆ, ರಜೆಯ ಸಂಬಳ ಎಷ್ಟು ದಿನ ಎಂದು ಸೇರುವ ಮೊದಲೇ ಕೇಳಿ ಬರೆಸಿಕೊಳ್ಳಿ. ವರ್ಷದ ಮಧ್ಯೆ ಸಂಬಳ ಏರಿ ಆ ಗೆರೆ ದಾಟಿದವರು ಅವಸರಪಡಬೇಕಿಲ್ಲ. ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್, ಹೀಗೆ ನಡೆಯುತ್ತಿರುವ ಆರು ತಿಂಗಳು ಮುಗಿಯುವವರೆಗೂ ಅವರು ಇ.ಎಸ್.ಐ.ಯಲ್ಲೇ ಇರುತ್ತಾರೆ.