ಹಲ್ಲು ಕೀಳಿಸುವ ಮುಂಚೆ ಇಷ್ಟು ತಿಳಿದಿರಲಿ

ನೋವು ತಡೆಯಲಾಗದೆ "ಕಿತ್ತು ಬಿಡಿ ಡಾಕ್ಟ್ರೇ, ಒಂದು ಹಲ್ಲು ತಾನೇ" ಎನ್ನುವವರೇ ಹೆಚ್ಚು. ಆ ದಿನದ ಖರ್ಚು ಕಡಿಮೆ, ನಿಜ. ಆದರೆ ಹಲ್ಲು ಹೋದ ಜಾಗಕ್ಕೆ ಪಕ್ಕದ ಹಲ್ಲುಗಳು ವಾಲುತ್ತವೆ, ಅಲ್ಲಿನ ಎಲುಬೂ ಕ್ರಮೇಣ ಸವೆಯುತ್ತದೆ.

ಹುಳುಕು ನರದ ತನಕ ಹೋಗಿಲ್ಲವಾದರೆ ಫಿಲ್ಲಿಂಗ್ ಸಾಕು. ನರ ಕೆಟ್ಟಿದ್ದರೆ ರೂಟ್ ಕೆನಾಲ್ ಮಾಡಿ ಹಲ್ಲನ್ನು ಉಳಿಸಬಹುದು. ನೋವು ಹೋಯಿತಲ್ಲ ಎಂದು ಮೇಲೆ ಕ್ಯಾಪ್ ಹಾಕಿಸದೆ ಬಿಟ್ಟರೆ, ದವಡೆ ಹಲ್ಲು ಜಗಿಯುವಾಗ ಒಡೆದು ಹೋಗಬಹುದು. ಆಗ ಮಾಡಿದ ಖರ್ಚೂ ದಂಡ.

ಹಲ್ಲು ಹೋಗಿಯೇ ಬಿಟ್ಟಿದ್ದರೆ ಮೂರು ದಾರಿಗಳಿವೆ.

ತೆಗೆದು ಹಾಕುವ ಸೆಟ್: ಖರ್ಚು ಕಡಿಮೆ. ರಾತ್ರಿ ತೆಗೆದು, ತೊಳೆದು, ನೀರಲ್ಲಿಡಬೇಕು. ವರ್ಷ ಕಳೆದಂತೆ ಸಡಿಲವಾಗುತ್ತದೆ.

ಬ್ರಿಡ್ಜ್: ಬಾಯಲ್ಲೇ ಗಟ್ಟಿಯಾಗಿ ಕೂರುತ್ತದೆ. ಆದರೆ ಅದಕ್ಕಾಗಿ ಅಕ್ಕಪಕ್ಕದ ಒಳ್ಳೆಯ ಹಲ್ಲುಗಳನ್ನೂ ಅರೆಯಬೇಕು.

ಇಂಪ್ಲಾಂಟ್: ದವಡೆಯ ಎಲುಬಿಗೆ ಟೈಟಾನಿಯಂ ಸ್ಕ್ರೂ ಕೂರಿಸಿ, ಅದು ಎಲುಬಿಗೆ ಅಂಟಿಕೊಂಡ ಮೇಲೆ ಹಲ್ಲು ಜೋಡಿಸುತ್ತಾರೆ. ಸಾಮಾನ್ಯವಾಗಿ 3ರಿಂದ 6 ತಿಂಗಳು ಬೇಕು, ಖರ್ಚೂ ಜಾಸ್ತಿ. ಪಕ್ಕದ ಹಲ್ಲುಗಳನ್ನು ಮುಟ್ಟಬೇಕಾಗಿಲ್ಲ. ಶುಗರ್ ಹತೋಟಿಯಲ್ಲಿ ಇಲ್ಲದವರಿಗೆ, ಬೀಡಿ-ಸಿಗರೇಟು ಸೇದುವವರಿಗೆ ಇದು ವಿಫಲವಾಗುವ ಅಪಾಯ ಹೆಚ್ಚು.

ಮಂಜೇಶ್ವರ, ಉಪ್ಪಳ ಕಡೆಯವರಿಗೆ ದೇರಳಕಟ್ಟೆಯ ಡೆಂಟಲ್ ಕಾಲೇಜುಗಳು ದೂರವಲ್ಲ. ಅಲ್ಲಿ ಸಾಮಾನ್ಯವಾಗಿ ಕ್ಲಿನಿಕ್‌ಗಿಂತ ಖರ್ಚು ಕಡಿಮೆ, ಕಾಯುವುದು ಮಾತ್ರ ಜಾಸ್ತಿ. ಎಲ್ಲೇ ಹೋದರೂ ಮೊದಲು ಎಕ್ಸ್‌ರೇ ತೆಗೆಸಿ, "ಈ ಹಲ್ಲು ಉಳಿಯುತ್ತದಾ? ಕ್ಯಾಪ್ ಸೇರಿ ಒಟ್ಟು ಎಷ್ಟಾಗುತ್ತದೆ?" ಎಂದು ಕೇಳಿ. ಉಳಿಯುವ ಹಲ್ಲಾದರೆ ಉಳಿಸಿಕೊಳ್ಳುವುದೇ ಲಾಭ.