ಆಂಗ್ಲ ದಂಡನ್ಯಾಯದ ಜೂರಿಯೂ ಮಿತಾಕ್ಷರೆಯ ಸಭ್ಯರೂ

ಸಿಂಧನೂರು, ಲಿಂಗಸುಗೂರು, ಮಸ್ಕಿ ಪ್ರಾಂತದಲ್ಲಿ ‘ಪಂಚರು’ ಎಂಬ ಶಬ್ದವನ್ನರಿಯದವರು ವಿರಳ. ಪೋಲೀಸರು ಪಂಚನಾಮೆ ಬರೆಯುವಾಗ ಎದುರಿಗಿದ್ದು ರುಜು ಹಾಕುವವರೇ ಪಂಚರು. ಆಂಗ್ಲದೇಶದ ಜೂರಿಯವರೂ ಇಂಥವರೇ ಇರಬಹುದೆಂದು ತೋರುವದು ಸಹಜ. ಆದರೆ ಪಂಚನು ಸಾಕ್ಷಿ, ಜೂರಿಯವನು ನಿರ್ಣಾಯಕ. ಈ ಭೇದವನ್ನು ವಿಶದಪಡಿಸುವದೇ ಪ್ರಕೃತ ಲೇಖನದ ಉದ್ದೇಶ.

ಇಂಗ್ಲೆಂಡಿನಲ್ಲಿ ಲಘು ಅಪರಾಧಗಳ ವಿಚಾರಣೆಯು ಮ್ಯಾಜಿಸ್ಟ್ರೇಟರ ಮುಂದೆಯೇ ಮುಗಿಯುವದು. ಗುರುತರವಾದ ಆರೋಪವನ್ನು ಆರೋಪಿತನು ಅಲ್ಲಗಳೆದಾಗ ಕ್ರೌನ್ ಕೋರ್ಟಿನಲ್ಲಿ ಜೂರಿಯು ಕೂಡುವದು. 18ರಿಂದ 75 ವರ್ಷಗಳವರೆಗಿನವರನ್ನು ಮತದಾರರ ಪಟ್ಟಿಯಿಂದ ಯದೃಚ್ಛೆಯಾಗಿ ಆರಿಸಿ ಕರೆಯುವರು. ಅವರೊಳಗಿಂದ 12 ಜನರನ್ನು ನ್ಯಾಯಾಲಯದಲ್ಲಿ ಬಹಿರಂಗವಾಗಿ ಚೀಟಿಯೆತ್ತಿ ಗೊತ್ತುಮಾಡಿ ಪ್ರಮಾಣ ಮಾಡಿಸುವರು. ಆರೋಪಿತನನ್ನು ಬಲ್ಲವನು ಕೂಡಲಾಗದು. ಕಾರಣ ಹೇಳದೆ ಜೂರಿಯವನನ್ನು ನಿರಾಕರಿಸಲು ಆರೋಪಿತನಿಗಿದ್ದ ಅಧಿಕಾರವನ್ನು 1988ರ ಶಾಸನವು ರದ್ದುಪಡಿಸಿತು.

ವಿಧಿಯ ಅರ್ಥವನ್ನು ಹೇಳುವದು ನ್ಯಾಯಾಧೀಶನ ಕಾರ್ಯ. ಸಂಗತಿಯು ನಡೆದುದು ದಿಟವೇ ಎಂಬದನ್ನು ನಿಶ್ಚಯಿಸುವದು ಜೂರಿಯ ಕಾರ್ಯ. ಅವರು ಏಕಾಂತದಲ್ಲಿ ಆಲೋಚಿಸಿ, ಕಾರಣವನ್ನು ಹೇಳದೆ, ದೋಷಿ ಅಥವಾ ನಿರ್ದೋಷಿ ಎಂದಷ್ಟೇ ಸಾರುವರು. ಐಕಮತ್ಯವು ಸಾಧಿಸದಿದ್ದರೆ, 12ರಲ್ಲಿ 10 ಜನರ ಮತವನ್ನು ಒಪ್ಪಬಹುದೆಂದು 1967ರಲ್ಲಿ ವಿಧಿಸಲಾಯಿತು. ಶಿಕ್ಷೆಯ ಪ್ರಮಾಣವನ್ನು ಗೊತ್ತುಪಡಿಸುವವನು ನ್ಯಾಯಾಧೀಶನೇ. ವಿಲಿಯಂ ಪೆನ್ನನನ್ನು ದೋಷಿಯೆನ್ನಲೊಪ್ಪದ ಜೂರಿಯವರಿಗೆ 1670ರಲ್ಲಿ ದಂಡ ವಿಧಿಸಲಾಗಿತ್ತು. ದಂಡ ತೆರಲೊಪ್ಪದೆ ಸೆರೆಯಲ್ಲಿದ್ದ ಬುಶೆಲ್ಲನ ಮೊಕದ್ದಮೆಯಲ್ಲಿ, ನಿರ್ಣಯಕ್ಕಾಗಿ ಜೂರಿಯವರನ್ನು ದಂಡಿಸಲಾಗದೆಂದು ಮುಖ್ಯ ನ್ಯಾಯಾಧೀಶ ವಾಘನನು ತೀರ್ಮಾನಿಸಿದನು.

ಇದನ್ನು ನಮ್ಮ ಶಾಸ್ತ್ರದೊಡನೆ ತೂಗಿ ನೋಡುವದು ಉಚಿತ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು, ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರೆಯಲ್ಲಿ ಸಭ್ಯರ ಲಕ್ಷಣವನ್ನು ವಿವರಿಸಿರುವನು. ಅವರು ಶ್ರುತಾಧ್ಯಯನಸಂಪನ್ನರೂ ಧರ್ಮಜ್ಞರೂ ಸತ್ಯವಾದಿಗಳೂ ಶತ್ರುಮಿತ್ರರಲ್ಲಿ ಸಮರೂ ಆಗಿರಬೇಕು. ಅವರನ್ನು ನಿಯಮಿಸುವವನು ರಾಜನು. ಸಭೆಯಲ್ಲಿ ಕೆಲವು ವರ್ತಕರೂ ಇರಬೇಕೆಂದು ಕಾತ್ಯಾಯನನ ಮತ. ರಾಗ, ಲೋಭ, ಭಯಗಳಿಂದ ಸ್ಮೃತಿಗೆ ವಿರುದ್ಧವಾಗಿ ನಡೆದ ಸಭ್ಯರಿಗೆ ಒಬ್ಬೊಬ್ಬರಿಗೂ ದ್ವಿಗುಣ ದಂಡ. ಎಂದರೆ ಸಭ್ಯನಿಗೆ ಯೋಗ್ಯತೆ ಆಧಾರ, ದಂಡಭಯ ಅಂಕುಶ. ಜೂರಿಯವನಿಗೆ ಪಾಂಡಿತ್ಯ ಬೇಕಿಲ್ಲ, ನಿರ್ಭಯತೆ ಬೇಕು. ಆತನ ನಿಷ್ಪಕ್ಷಪಾತಕ್ಕೆ ಚೀಟಿಯೇ ಹೊಣೆ.

ಬ್ರಿಟಿಷ್ ಇಂಡಿಯಾದ 1898ರ ದಂಡಪ್ರಕ್ರಿಯಾ ಸಂಹಿತೆಯಲ್ಲಿ ಜೂರಿಯೂ ‘ಅಸೆಸರ’ರೂ ಇದ್ದರು. ಅಸೆಸರರ ಅಭಿಪ್ರಾಯವು ನ್ಯಾಯಾಧೀಶನನ್ನು ಕಟ್ಟುತ್ತಿರಲಿಲ್ಲ. ಜೂರಿಯ ನಿರ್ಣಯವನ್ನೊಪ್ಪದ ಸೆಷನ್ಸ್ ನ್ಯಾಯಾಧೀಶನು ಮೊಕದ್ದಮೆಯನ್ನು ಹೈಕೋರ್ಟಿಗೆ ಕಳುಹಬಹುದಾಗಿತ್ತು. 1973ರ ಸಂಹಿತೆಯಲ್ಲಿ ಜೂರಿಗೆ ಸ್ಥಾನವುಳಿಯಲಿಲ್ಲ. ಇಂದು ಈ ಪ್ರಾಂತದ ಮೊಕದ್ದಮೆಗಳಲ್ಲಿ ಸಂಗತಿಯನ್ನೂ ವಿಧಿಯನ್ನೂ ನ್ಯಾಯಾಧೀಶರೇ ನಿರ್ಣಯಿಸುವರು.

ಆದರೆ ಒಂದು ವಿಶೇಷವುಂಟು. ಜೂರಿಯು ಕಾರಣವನ್ನು ಹೇಳುವದಿಲ್ಲ. ನಮ್ಮ ನ್ಯಾಯಾಧೀಶನು ಕಾರಣವನ್ನು ಬರೆಯಲೇಬೇಕು. ಅಪೀಲಿನಲ್ಲಿ ಆ ಕಾರಣವೇ ಪರೀಕ್ಷೆಗೆ ಒಳಗಾಗುವದು. ಅಲ್ಲಿ ಹನ್ನೆರಡು ನಾಗರಿಕರು ಕುಳಿತು ನಡೆಸುವ ಕಾವಲನ್ನು ಇಲ್ಲಿ ಬರೆದ ಕಾರಣವೊಂದೇ ನಡೆಸಬೇಕು. ಆದುದರಿಂದ ಆ ಕಾರಣವು ಕಟಕಟೆಯಲ್ಲಿ ನಿಂತವನಿಗೂ ಅವನ ಊರವರಿಗೂ ತಿಳಿಯುವ ಕನ್ನಡದಲ್ಲಿರುವದು ನ್ಯಾಯದ ಅಂಗವೇ ಸರಿ.